ಹತ್ತು ಕರೆಂಟು, ಒಂದು ಕರೆಂಟು

ನಮ್ಮೂರ ಕಡೆ ರೇಡಿಯೇಶನ್ ಅನ್ನೋ ಪದವನ್ನ ಯಾರೂ ಬಳಸಲ್ಲ. ‘ಕರೆಂಟ್ ಇಡಿಸ್ಕೊಂಡು ಬಂದ್ರು’ ಅಂತಾರೆ. 2011ರ ಮಳೆಗಾಲದ ಶುರುವಿನಲ್ಲಿ ನಮ್ಮ ದೊಡ್ಡಪ್ಪನಿಗೆ ಬೆಂಗಳೂರಿನಲ್ಲಿ ಹತ್ತು ಕರೆಂಟ್ ಇಡಿಸಿದೆವು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ನಮ್ಮನ್ನ ಗದರಿದವರು ಒಬ್ಬ ಸೆಕ್ಯುರಿಟಿಯವನು ಬಿಟ್ಟರೆ ಬೇರೆ ಯಾರೂ ಇಲ್ಲ, ಡಾಕ್ಟರುಗಳೆಲ್ಲ ಸಮಾಧಾನದಿಂದಲೇ ಮಾತಾಡಿದರು. ಆದರೂ ಆ ದಿನಗಳ ಬಗ್ಗೆ ನನ್ನೊಳಗೆ ಒಂದು ಸಿಟ್ಟು ಉಳಿದುಕೊಂಡಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಅದನ್ನ ಹುಡುಕಿಕೊಂಡು ಹೋದಾಗ ಸಿಕ್ಕ ಕತೆ ಇದು.

ದೊಡ್ಡಪ್ಪನಿಗೆ 2009ರಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಮಾತ್ರೆ ಕೊಟ್ಟಿದ್ದರು. ಒಂದು ವರ್ಷ ನುಂಗಿ, ಚೆನ್ನಾಗಿದೀನಲ್ಲ ಅಂತ ತಾವೇ ನಿಲ್ಲಿಸಿದರು. 2011ರ ಯುಗಾದಿ ಹೊತ್ತಿಗೆ ಸೊಂಟ ನೋವು ಶುರುವಾಯ್ತು. ತೆಂಗಿನಕಾಯಿ ಚೀಲ ಎತ್ತಿದ್ದಕ್ಕೆ ಅಂತ ನಾವೆಲ್ಲ ತೀರ್ಮಾನ ಮಾಡಿದೆವು. ಎಣ್ಣೆ ತಿಕ್ಕಿದ್ದಾಯ್ತು, ಎಲುಬು ಕಟ್ಟುವವರ ಹತ್ತಿರ ಕಟ್ಟು ಹಾಕಿಸಿದ್ದಾಯ್ತು, ಪೇಟೆಯ ಮೂಳೆ ಡಾಕ್ಟರ ಹತ್ತಿರ ನೋವಿನ ಇಂಜೆಕ್ಷನ್ ಆಯ್ತು. ಮೂರು ತಿಂಗಳು ಹೀಗೇ ಹೋಯ್ತು. ಕೊನೆಗೆ ತಿಪಟೂರಿನಿಂದ ರೈಲು ಹತ್ತಿಸಿ ಬೆಂಗಳೂರಿಗೆ ಕರೆಸಿಕೊಂಡು ಎಂಆರ್‌ಐ ಮಾಡಿಸಿದಾಗ, ಫಿಲ್ಮನ್ನ ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟರು ಒಂದೇ ಮಾತು ಹೇಳಿದರು: ‘ಮೂಳೆಗೆ ಇಳಿದಿದೆ.’

ಊರಿಗೆ ಫೋನ್ ಮಾಡಿ ‘ಮೂಳೆ ಕ್ಯಾನ್ಸರ್ ಆಗಿದೆಯಂತೆ’ ಅಂದೆ. ನಾನು ಹೇಳಿದ್ದು ತಪ್ಪು. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಬೇರೆ, ಅದು ಅಪರೂಪ. ಪ್ರಾಸ್ಟೇಟಿನದೋ ಸ್ತನದ್ದೋ ಶ್ವಾಸಕೋಶದ್ದೋ ಕ್ಯಾನ್ಸರ್ ಮೂಳೆಗೆ ಹೋಗಿ ಕೂತರೂ ಅದು ಪ್ರಾಸ್ಟೇಟಿನದೇ, ಸ್ತನದ್ದೇ. ಔಷಧಿಯೂ ಅದಕ್ಕೆ ತಕ್ಕ ಹಾಗೇ. ಆದರೆ ನೋವು ಮಾತ್ರ ಮೂಳೆಯದು, ಮುರಿಯೋದು ಮೂಳೆ, ಒತ್ತಿಸಿಕೊಳ್ಳೋದು ಬೆನ್ನುಹುರಿ. ಹಾಗಾಗಿ ಈ ರೋಗಿ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದವನು ಅಂತ ಕೇಳಿದರೆ ಐದು ಡಿಪಾರ್ಟ್‌ಮೆಂಟಿಗೂ ಸೇರಿದವನು.

ನಾವು ಐದಕ್ಕೂ ಹೋದೆವು. ಯೂರಾಲಜಿಯವರು ಆಪರೇಷನ್ ಹೇಳಿ ಮೂಳೆಯವರ ಹತ್ತಿರ ಕಳಿಸಿದರು. ಮೂಳೆಯವರು ‘ಈಗ ಮುರಿದಿಲ್ಲ’ ಅಂತ ರೇಡಿಯೇಶನ್‌ಗೆ ಬರೆದರು. ರೇಡಿಯೇಶನ್‌ನವರು ಮುಂದಿನ ವಾರ ಬನ್ನಿ ಅಂದರು. ಕ್ಯಾನ್ಸರ್ ಔಷಧಿಯವರು ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡಬೇಕು, ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದರು. ‘ಸೊಂಟ ನೋವಿಗೆ ಹಲ್ಲು ಯಾಕೋ ನೋಡ್ತಾರೆ?’ ಅಂತ ದೊಡ್ಡಪ್ಪ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಂಆರ್‌ಐ ಆದ ದಿನದಿಂದ ಮೊದಲ ಕರೆಂಟಿನ ತನಕ ಇಪ್ಪತ್ತಮೂರು ದಿನ. ಆಮೇಲೆ ಲಾಡ್ಜಿನಲ್ಲಿದ್ದುಕೊಂಡು ಹತ್ತು ದಿನ ಆಟೋದಲ್ಲಿ ಓಡಾಟ. ಬೆಂಗಳೂರಿನ ಹಂಪುಗಳ ಮೇಲೆ ಆಟೋ ಹಾರಿದಾಗಲೆಲ್ಲ ಅವರು ನನ್ನ ತೊಡೆಯನ್ನ ಹಿಡಿದುಕೊಳ್ಳುತ್ತಿದ್ದರು. ಆ ಹಿಡಿತ ಈಗಲೂ ನೆನಪಿದೆ.

ಎರಡು ವರ್ಷ ಆದಮೇಲೆ ಆಫೀಸಿನಲ್ಲಿ ನನ್ನನ್ನ ಒಂದು ಆಸ್ಪತ್ರೆ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಹಾಕಿದರು. ಹೊರರೋಗಿಗಳ ಅಪಾಯಿಂಟ್‌ಮೆಂಟ್ ಹಂಚುವ ಕೆಲಸ. ಡೊಮೈನ್ ತಿಳಿಯಲಿ ಅಂತ ಒಂದಷ್ಟು ಓದೋಕೆ ಕೊಟ್ಟಿದ್ದರು. ಅದರಲ್ಲಿ ಕೆನಡಾದ ಒಂದು ಕ್ಲಿನಿಕ್ ಬಗ್ಗೆ ಇತ್ತು. ಅದನ್ನ ಓದಿದ ಸಂಜೆ ನಾನು ಕ್ಯಾಬ್ ಮಿಸ್ ಮಾಡಿಕೊಂಡೆ.

ಆ ಕ್ಲಿನಿಕ್ಕಿಗೆ ಹೋಗೋ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕ್ಯಾನ್ಸರ್ ಮೂಳೆಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತೆ ಅನ್ನೋ ಪ್ರಶ್ನೆಗೆ ಮೊದಲ ಒಳ್ಳೆ ಉತ್ತರ ಕೊಟ್ಟವನು ಲಂಡನ್ನಿನ ಸ್ಟೀಫನ್ ಪ್ಯಾಜೆಟ್. 1889ರಲ್ಲಿ. ಸ್ತನ ಕ್ಯಾನ್ಸರಿನಿಂದ ಸತ್ತ 735 ಹೆಂಗಸರ ಮರಣೋತ್ತರ ವರದಿಗಳನ್ನ ಕೂಡಿಹಾಕಿಕೊಂಡು ನೋಡಿದ. ರಕ್ತದಲ್ಲಿ ಹೋಗೋದಾದರೆ ಎಲ್ಲಾ ಅಂಗಕ್ಕೂ ಒಂದೇ ಥರ ಹೋಗಬೇಕಲ್ಲ, ಹಾಗಿಲ್ಲ. ಕೆಲವು ಜಾಗಕ್ಕೆ ಜಾಸ್ತಿ, ಕೆಲವು ಜಾಗಕ್ಕೆ ಇಲ್ಲವೇ ಇಲ್ಲ ಅನ್ನೋ ಅಷ್ಟು. ಗಿಡದ ಬೀಜ ಎಲ್ಲಾ ಕಡೆ ಬೀಳುತ್ತೆ, ಹದವಾದ ಮಣ್ಣಿನಲ್ಲಿ ಮಾತ್ರ ಹುಟ್ಟುತ್ತೆ ಅಂತ ಅವನು ಹೋಲಿಕೆ ಕೊಟ್ಟ. ವೈದ್ಯರಿಗೆ ಇದನ್ನ ನಂಬೋಕೆ ಬಹಳ ಕಾಲ ಹಿಡಿಯಿತಂತೆ. ರಾಗಿ ಎರಚಿದವರಿಗೆ ಒಂದು ನಿಮಿಷ ಹಿಡಿಯಲ್ಲ.

1940ರಲ್ಲಿ ಅಮೆರಿಕದ ಬ್ಯಾಟ್ಸನ್ ಇದಕ್ಕೆ ಕಾಲುವೆಯನ್ನೂ ತೋರಿಸಿದ. ಸೊಂಟದ ಒಳಭಾಗದ ರಕ್ತನಾಳಗಳು ಬೆನ್ನುಮೂಳೆಯ ಸುತ್ತ ಇರುವ ರಕ್ತನಾಳದ ಬಲೆಗೆ ಸೇರುತ್ತವೆ, ಆ ಬಲೆಗೆ ಕವಾಟಗಳಿಲ್ಲ. ಕೆಮ್ಮಿದರೆ, ಮುಕ್ಕರಿದರೆ ರಕ್ತ ಹಿಂದಕ್ಕೂ ಹರಿಯುತ್ತೆ. ತೂಬಿಲ್ಲದ ಕಾಲುವೆ. ಪ್ರಾಸ್ಟೇಟಿನಿಂದ ಸೊಂಟದ ಮೂಳೆಗೆ ದಾರಿ ಅಷ್ಟು ಸಲೀಸು. ಮರುವರ್ಷವೇ, 1941ರಲ್ಲಿ, ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಬೀಜ ತೆಗೆದುಹಾಕಿ ಗಂಡು ಹಾರ್ಮೋನನ್ನ ನಿಲ್ಲಿಸಿದರೆ ಮೂಳೆಗೆ ಇಳಿದ ಪ್ರಾಸ್ಟೇಟ್ ಕ್ಯಾನ್ಸರೂ ತಗ್ಗುತ್ತೆ ಅಂತ ತೋರಿಸಿದ. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ನಮ್ಮ ದೊಡ್ಡಪ್ಪನಿಗೂ ಎಪ್ಪತ್ತು ವರ್ಷ ಆದಮೇಲೆ ಮಾಡಿದ್ದು ಅದೇ ಆಪರೇಷನ್. ಊರಲ್ಲಿ ಹರ್ನಿಯಾ ಅಂತ ಹೇಳಿದ್ದರು. ದೊಡ್ಡಮ್ಮನಿಗೂ ಅಷ್ಟೇ ಹೇಳಿದ್ದರು ಅನ್ನಿಸುತ್ತೆ, ನಾನಂತೂ ಯಾವತ್ತೂ ಬಾಯಿ ಬಿಡಲಿಲ್ಲ. ಅವರ ಹೆಸರಿಲ್ಲದೆ ಇಲ್ಲಿ ಬರೀತಿದೀನಿ, ಕ್ಷಮಿಸುತ್ತಾರೆ.

ಹಲ್ಲಿನ ಡಾಕ್ಟರ ಗುಟ್ಟೂ ಆಮೇಲೆ ಗೊತ್ತಾಯ್ತು. ತಿಂಗಳಿಗೊಮ್ಮೆ ಕೊಡೋ ಆ ಇಂಜೆಕ್ಷನ್ ಬಿಸ್ಫಾಸ್ಫೊನೇಟ್ ಅನ್ನೋ ಜಾತಿಯದು. ನಿಮ್ಮನೇಲಿ ಬೋರ್‌ವೆಲ್ ನೀರಾದರೆ ಗೀಸರಿನ ಕಾಯಿಲ್ ಮೇಲೆ ಬಿಳಿ ಉಪ್ಪು ಕಟ್ಟುತ್ತಲ್ಲ, ಹಾಗೆ ಕಟ್ಟದಿರಲಿ ಅಂತ ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳ ಬಳಗ ಇದು. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಜೊತೆಯವರು ಇವು ಮೂಳೆ ಕರಗೋದನ್ನೂ ತಡೆಯುತ್ತವೆ ಅಂತ ಕಂಡುಕೊಂಡರು. 1990ರ ದಶಕದಲ್ಲಿ ಕ್ಯಾನ್ಸರ್ ರೋಗಿಗಳ ಮೂಳೆ ಮುರಿಯದಿರಲಿ ಅಂತ ಕೊಡೋಕೆ ಶುರುವಾಯ್ತು. 2003ರಿಂದ ಈಚೆಗೆ, ಇದನ್ನ ತಗೊಂಡ ಕೆಲವರಿಗೆ ಹಲ್ಲು ಕಿತ್ತ ಜಾಗದಲ್ಲಿ ದವಡೆ ಮೂಳೆ ಮಾಯದೆ ಸತ್ತುಹೋಗೋದು ಕಂಡುಬಂತು. ಹಾಗಾಗಿ ಕೀಳಬೇಕಾದ ಹಲ್ಲಿದ್ದರೆ ಮೊದಲೇ ಕಿತ್ತುಬಿಡಿ ಅಂತ. ಇಷ್ಟನ್ನ ಯಾರಾದರೂ ಎರಡು ನಿಮಿಷ ಕೂತು ಹೇಳಿದ್ದರೆ ದೊಡ್ಡಪ್ಪ ಅರ್ಥ ಮಾಡಿಕೊಳ್ಳುತ್ತಿದ್ದರು. ಅವರೇ ಪಂಪ್‌ಸೆಟ್ ರಿಪೇರಿ ಮಾಡಿಕೊಳ್ಳುತ್ತಿದ್ದ ಮನುಷ್ಯ.

ಅಂದರೆ 1990ರ ದಶಕದ ಹೊತ್ತಿಗೆ ಮೂಳೆಗೆ ಇಳಿದ ಕ್ಯಾನ್ಸರಿಗೆ ಮಾಡಬಹುದಾದ್ದು ಬೇಕಾದಷ್ಟಿತ್ತು. ಹಾರ್ಮೋನು, ಔಷಧಿ, ಕರೆಂಟು, ರಾಡು, ಮಾರ್ಫಿನ್. ಒಂದೊಂದೂ ಒಂದೊಂದು ಕೋಣೆಯಲ್ಲಿತ್ತು. ಕೋಣೆಯಿಂದ ಕೋಣೆಗೆ ಹೋಗೋ ಕೆಲಸ ಮಾತ್ರ ನಡೆಯೋಕೆ ಆಗದೇ ಇರೋ ರೋಗಿಯದು.

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಆಗ ರೇಡಿಯೇಶನ್ ಮಷಿನ್‌ಗಳಿಗೆ ದೊಡ್ಡ ಕ್ಯೂ. ಎಷ್ಟರ ಮಟ್ಟಿಗೆ ಅಂದರೆ 1999ರಲ್ಲಿ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳನ್ನ ಸರ್ಕಾರವೇ ಗಡಿ ದಾಟಿಸಿ ಅಮೆರಿಕಕ್ಕೆ ಕಳಿಸೋಕೆ ಶುರು ಮಾಡಿತು. ಇಂಥ ಕ್ಯೂನಲ್ಲಿ ವಾಸಿಯಾಗೋ ರೋಗಿ ಒಬ್ಬ, ವಾಸಿಯಾಗದ ರೋಗಿ ಒಬ್ಬ ನಿಂತರೆ ಮಷಿನ್ ಯಾರಿಗೆ? ಮೊದಲನೆಯವನಿಗೆ. ತಪ್ಪು ಅನ್ನೋಕಾಗಲ್ಲ. ಆದರೆ ಮೊದಲನೆಯವರು ದಿನಾ ಬರ್ತಾನೇ ಇರ್ತಾರೆ. ಎರಡನೆಯವನ ಸರದಿ ಬರೋದೇ ಇಲ್ಲ. ಬಿಇ ಮೂರನೇ ವರ್ಷದ ಆಪರೇಟಿಂಗ್ ಸಿಸ್ಟಮ್ಸ್ ಪಾಠದಲ್ಲಿ ಇದಕ್ಕೆ ಸ್ಟಾರ್ವೇಶನ್ ಅಂತ ಹೆಸರು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದಿದ್ದೆ, ಲಾಡ್ಜಿನಲ್ಲಿ ಕೂತಾಗ ಹೊಳೆದಿರಲಿಲ್ಲ.

ಟೊರಾಂಟೋದ ಸನ್ನಿಬ್ರೂಕ್ ಕ್ಯಾನ್ಸರ್ ಕೇಂದ್ರದವರು 1996ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಎಡ್ವರ್ಡ್ ಚೌ, ಸಿರಿಲ್ ಡಾಂಜೂ ಮುಂತಾದ ಡಾಕ್ಟರುಗಳು ಅದರ ಬಗ್ಗೆ ಬರೆದಿದ್ದಾರೆ. ಹೊಸ ಮಷಿನ್ ಏನೂ ಅಲ್ಲ. ನೋವು ಇಳಿಸೋದಕ್ಕೆ ಮಾತ್ರ ಕರೆಂಟ್ ಬೇಕಾದವರಿಗೆ ಬೇರೆ ಕ್ಲಿನಿಕ್, ಬೇರೆ ಹೊತ್ತು. ಡಾಕ್ಟರು ನೋಡೋದು, ಎಲ್ಲಿಗೆ ಕರೆಂಟ್ ಅಂತ ಮೈಮೇಲೆ ಗುರುತು ಹಾಕೋದು, ಲೆಕ್ಕ ಮಾಡೋದು, ಕರೆಂಟ್ ಕೊಡೋದು, ಇಷ್ಟನ್ನೂ ಸಾಧ್ಯವಾದಷ್ಟು ಒಂದೇ ದಿನ ಮುಗಿಸೋದು. ನಮಗೆ ಇದು ನಾಲ್ಕು ಸಲದ ಓಡಾಟ ಆಗಿತ್ತು. ಅಲ್ಲಿ ಬಹುಪಾಲು ರೋಗಿಗಳನ್ನ ಚೀಟಿ ಬಂದ ಎರಡು ವಾರದೊಳಗೆ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ನೋಡಿದ ದಿನವೇ ಗುರುತು ಹಾಕುವ ಕೆಲಸವೂ ಮುಗಿಯಿತು.

1999ರಲ್ಲಿ ಅದೇ ಕೇಂದ್ರದಲ್ಲಿ ಮೂಳೆಗೆ ಇಳಿದ ಕ್ಯಾನ್ಸರಿಗೆಂದೇ ಇನ್ನೊಂದು ಕ್ಲಿನಿಕ್ ಶುರುವಾಯ್ತು. ಇದು ನನಗೆ ಇನ್ನೂ ಹೆಚ್ಚು ಹಿಡಿಸಿದ್ದು. ರೇಡಿಯೇಶನ್ ಡಾಕ್ಟರು, ಮೂಳೆ ಸರ್ಜನ್, ಸೂಜಿ ಹಾಕಿ ಮೂಳೆಗೆ ಸಿಮೆಂಟ್ ತುಂಬೋ ರೇಡಿಯಾಲಜಿಯವರು, ನೋವಿನ ಡಾಕ್ಟರು ಒಂದೇ ಕಡೆ. ರೋಗಿ ಕೂತಿರುತ್ತಾನೆ, ಇವರು ಓಡಾಡಬೇಕು. ಸರ್ಜರಿ ಬೇಕಾದವರು ಅಲ್ಲೂ ಕೆಲವರೇ. ಹಾಗಾದರೆ ಸರ್ಜನ್ ಯಾಕೆ ಕೂರಬೇಕು ಅಂತ ಮ್ಯಾನೇಜರ್ ಯಾರಾದರೂ ಕೇಳಿಯೇ ಕೇಳ್ತಾನೆ. ಆ ಕೆಲವರು ಯಾರು ಅಂತ ಬೇರೆಯವರಿಗೆ ಗೊತ್ತಾಗಲ್ಲ, ಅದಕ್ಕೆ. ತೊಡೆಮೂಳೆ ಇವತ್ತೋ ನಾಳೆಯೋ ಮುರಿಯೋ ಹಾಗಿದ್ದರೆ ಕರೆಂಟ್ ಕೊಟ್ಟು ಕಳಿಸಿದರೆ ಬಸ್ಸಿನ ಮೆಟ್ಟಿಲ ಮೇಲೆ ಮುರಿಯುತ್ತೆ. ಇದನ್ನ ಅಳೆಯೋಕೆ 1989ರಲ್ಲಿ ಹಿಲ್ಟನ್ ಮಿರೆಲ್ಸ್ ಅನ್ನೋ ಡಾಕ್ಟರು ನಾಲ್ಕು ಪ್ರಶ್ನೆಗಳ ಒಂದು ಲೆಕ್ಕ ಕೊಟ್ಟಿದ್ದರು. ಗಾಯ ಎಲ್ಲಿದೆ, ನೋವೆಷ್ಟು, ಎಕ್ಸ್‌ರೇಯಲ್ಲಿ ಮೂಳೆ ಕರಗಿದ ಹಾಗಿದೆಯೋ ಗಟ್ಟಿಯಾದ ಹಾಗಿದೆಯೋ, ಮೂಳೆಯ ಅಗಲದಲ್ಲಿ ಎಷ್ಟು ಪಾಲು. ಒಂದೊಂದಕ್ಕೆ ಒಂದರಿಂದ ಮೂರು ಮಾರ್ಕು. ಒಂಬತ್ತು ಅಥವಾ ಜಾಸ್ತಿ ಇದ್ದರೆ ಮುರಿಯೋ ಮುಂಚೆಯೇ ರಾಡ್ ಹಾಕಿ, ಏಳು ಅಥವಾ ಕಮ್ಮಿ ಇದ್ದರೆ ಕರೆಂಟ್ ಸಾಕು, ಎಂಟಾದರೆ ಡಾಕ್ಟರ ವಿವೇಕ. ಎಂಟನ್ನ ವಿವೇಕಕ್ಕೆ ಬಿಟ್ಟಿದ್ದು ನೋಡಿ ನನಗೆ ಖುಷಿಯಾಯ್ತು. ನಾವಾಗಿದ್ದರೆ ಅದಕ್ಕೂ ಒಂದು ಇಫ್ ಕಂಡೀಷನ್ ಬರೆದಿರುತ್ತಿದ್ದೆವು.

ಈಗ ಹತ್ತು ಕರೆಂಟಿನ ವಿಷಯ.

ಅದೇ 1999ರಲ್ಲಿ ಯೂರೋಪಿನಿಂದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಬ್ರಿಟನ್ನಿನ ಕಡೆಯವರು 765 ರೋಗಿಗಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ 8 ಗ್ರೇ ಅಳತೆಯ ಒಂದೇ ಒಂದು ಕರೆಂಟ್, ಇನ್ನೊಂದಕ್ಕೆ ಐದೋ ಹತ್ತೋ ಸಲ ಹಂಚಿ ಕೊಟ್ಟರು. ನೆದರ್‌ಲೆಂಡ್ಸಿನವರು 1171 ರೋಗಿಗಳಲ್ಲಿ ಒಂದು ಸಲ ಕೊಟ್ಟದ್ದನ್ನೂ ಆರು ಸಲ ಕೊಟ್ಟದ್ದನ್ನೂ ಹೋಲಿಸಿದರು. ನೋವು ಇಳಿದದ್ದು ಎರಡೂ ಕಡೆ ಒಂದೇ ಥರ. ಇದನ್ನ ಓದಿದಾಗಲೇ ನನ್ನ ಕ್ಯಾಬ್ ಹೋಗಿದ್ದು.

ತಕರಾರು ಇಲ್ಲ ಅಂತಲ್ಲ. ನೆದರ್‌ಲೆಂಡ್ಸಿನಲ್ಲಿ ಒಂದೇ ಸಲ ಕೊಟ್ಟವರಲ್ಲಿ ಕಾಲುಭಾಗ ಜನಕ್ಕೆ ಅದೇ ಜಾಗಕ್ಕೆ ಮತ್ತೊಮ್ಮೆ ಕರೆಂಟ್ ಕೊಡಬೇಕಾಯ್ತು, ಆರು ಸಲದವರಲ್ಲಿ ನೂರಕ್ಕೆ ಏಳು ಜನಕ್ಕೆ. ಮತ್ತೆ ಕೊಡೋದು ಸುಲಭ, ಅದಕ್ಕೇ ಡಾಕ್ಟರು ಕೊಟ್ಟಿರಬಹುದು ಅಂತ ಒಂದು ವಾದ. ದೂರದ ಹಳ್ಳಿಯವನು ಮತ್ತೆ ಬರಲ್ಲ, ಹಾಗಾಗಿ ಒಂದೇ ಸಲಕ್ಕೆ ಹತ್ತೂ ಮುಗಿಸಿಬಿಡೋಣ ಅಂತ ನಮ್ಮ ಕಡೆ ಹೇಳಬಹುದಾದ ವಾದ. ಬೆನ್ನುಹುರಿ ಒತ್ತಿಸಿಕೊಂಡಿದ್ದರೆ, ಮೂಳೆ ಮುರಿದು ರಾಡ್ ಹಾಕಿದ್ದರೆ ಲೆಕ್ಕವೇ ಬೇರೆ. ಅಮೆರಿಕದವರು ತಾವೂ 898 ಜನರ ಮೇಲೆ ಪ್ರಯೋಗ ಮಾಡಿ 2005ರಲ್ಲಿ ಅದೇ ಉತ್ತರ ಪಡೆದರು. ಆದರೂ ಬಹಳ ಸಲ ಕೊಡೋ ರೂಢಿ ಹೋಗಲಿಲ್ಲ. ಎಷ್ಟು ಸಲ ಕೊಟ್ಟರೆ ಅಷ್ಟು ಬಿಲ್ ಆಗೋ ಕಡೆ ಒಂದೇ ಸಲಕ್ಕೆ ಮುಗಿಸೋ ಉತ್ಸಾಹ ಕಮ್ಮಿ ಅಂತ ನನ್ನ ಗುಮಾನಿ. 2013ರಲ್ಲಿ ಅವರ ರೇಡಿಯೇಶನ್ ಡಾಕ್ಟರುಗಳ ಸಂಘವೇ ‘ಹತ್ತಕ್ಕಿಂತ ಜಾಸ್ತಿ ಸಲ ಸುಮ್ಮಸುಮ್ಮನೆ ಕೊಡಬೇಡಿ’ ಅನ್ನೋ ಅರ್ಥದ ಸೂಚನೆ ಹೊರಡಿಸಬೇಕಾಯ್ತು.

ದೊಡ್ಡಪ್ಪನಿಗೆ ಬೆನ್ನುಹುರಿ ಒತ್ತಿರಲಿಲ್ಲ, ಮೂಳೆ ಮುರಿದಿರಲಿಲ್ಲ. ಒಂದೇ ಸಾಕಿತ್ತು ಅಂತ ಹೇಳೋಕೆ ನಾನು ಡಾಕ್ಟರಲ್ಲ. ಹತ್ತು ಸಲ ಕೊಟ್ಟದ್ದು ತಪ್ಪೂ ಅಲ್ಲ, ಪುಸ್ತಕದಲ್ಲಿ ಅದೂ ಇದೆ. ಆದರೆ ‘ಒಂದೇ ಸಲ ಕೊಡೋಕಾಗುತ್ತಾ ಸಾರ್’ ಅಂತ ಕೇಳಬಹುದಿತ್ತು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಮೊದಲ ಕರೆಂಟಾದ ರಾತ್ರಿ ನೋವು ಇಳಿಯೋ ಬದಲು ಏರಿತು. ಕರೆಂಟ್ ಸುಟ್ಟುಬಿಟ್ಟಿದೆ, ನಾಳೆ ಹೋಗಲ್ಲ ಅಂತ ಹಟ ಹಿಡಿದರು. ನಾಲ್ಕಾರು ದಿನ ನೋವು ಏರೋದು ಮಾಮೂಲು, ಇಳಿಯೋಕೆ ಮೂರು ನಾಲ್ಕು ವಾರ ಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಲಾಡ್ಜಿನ ಮಂಚದ ಮೇಲೆ ಅವರು ಕೂತೇ ಬೆಳಗು ಮಾಡಿದರು. ನಾನು ನೆಲದ ಮೇಲೆ.

ಟೊರಾಂಟೋದವರು ಮಾಡಿದ ಇನ್ನೊಂದು ಕೆಲಸ ಹೊರಗೆ ಅಷ್ಟು ಗೊತ್ತಿಲ್ಲ. ನೋವು ಇಳೀತು ಅಂದರೇನು? ಒಂದೊಂದು ಪ್ರಯೋಗದವರು ಒಂದೊಂದು ಥರ ಹೇಳುತ್ತಿದ್ದರು. ಚೌ ಅವರ ಮುಂದಾಳ್ತನದಲ್ಲಿ ಬೇರೆ ಬೇರೆ ದೇಶದವರು ಸೇರಿ 2002ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎರಡು ಅಂಕವಾದರೂ ಇಳಿಯಬೇಕು, ಅದೂ ನೋವಿನ ಮಾತ್ರೆ ಜಾಸ್ತಿ ಮಾಡದೆ. ಸೊನ್ನೆಗೆ ಬಂದರೆ ಪೂರ್ತಿ ಗುಣ. ಇದೇನು ಮಹಾ ಅನ್ನಿಸಬಹುದು. ‘ಕೆಲಸ ಮುಗಿದಿದೆ’ ಅನ್ನೋದರ ಅರ್ಥ ಮೊದಲೇ ಬರೆದುಕೊಳ್ಳದೆ ಶುರು ಮಾಡಿದ ಪ್ರಾಜೆಕ್ಟುಗಳಲ್ಲಿ ಎಷ್ಟು ಶನಿವಾರ ಕಳೆದಿದೀನಿ ಅಂತ ನನಗೆ ಗೊತ್ತು.

2007ರಲ್ಲಿ ಕೆನಡಾದ್ದೇ ಎಡ್ಮಂಟನ್‌ನ ಕ್ರಾಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನವರು ಇದನ್ನ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ವಾರಕ್ಕೊಂದೇ ದಿನ ಕ್ಲಿನಿಕ್. ಆದರೆ ಆ ದಿನ ಡಾಕ್ಟರು, ನರ್ಸ್ ಜೊತೆಗೆ ಫಾರ್ಮಸಿಸ್ಟ್, ಆಹಾರ ಹೇಳುವವರು, ಸೋಷಿಯಲ್ ವರ್ಕರ್, ಮನೆಯಲ್ಲಿ ಬಚ್ಚಲಿಗೆ ಹೇಗೆ ಹೋಗೋದು, ಮಂಚದಿಂದ ಹೇಗೆ ಏಳೋದು ಅಂತ ಕಲಿಸೋ ಆಕ್ಯುಪೇಷನಲ್ ಥೆರಪಿಸ್ಟ್, ಎಲ್ಲರೂ. ದೊಡ್ಡಪ್ಪನ ಫೈಲಿನಲ್ಲಿ ಮೂರು ಡಿಪಾರ್ಟ್‌ಮೆಂಟಿನವರು ಮೂರು ಹೆಸರಿನಲ್ಲಿ ಒಂದೇ ನೋವಿನ ಮಾತ್ರೆ ಬರೆದಿದ್ದು ಆಮೇಲೆ ಊರಿನ ಮೆಡಿಕಲ್ ಶಾಪಿನ ಹುಡುಗ ಕಂಡುಹಿಡಿದ. ಮೂರನ್ನೂ ನುಂಗುತ್ತಿದ್ದರು. ಹೊಟ್ಟೆ ಉರಿ ಅಂದಾಗೆಲ್ಲ ನಾವು ಮಜ್ಜಿಗೆ ಕೊಡುತ್ತಿದ್ದೆವು.

ಬ್ರಿಟನ್ನಿನವರ ದಾರಿ ಬೇರೆ. ಸ್ಕಾಟ್ಲೆಂಡಿನಲ್ಲಿ ಕ್ಯಾನ್ಸರಿನಿಂದ ಬೆನ್ನುಹುರಿ ಒತ್ತಿಸಿಕೊಂಡ 319 ಜನರ ಲೆಕ್ಕ ತೆಗೆದಿದ್ದರು, 2002ರಲ್ಲಿ ಬಂದದ್ದು. ನೋವು ಶುರುವಾಗಿ ರೋಗ ಗೊತ್ತಾಗೋಕೆ ಹಿಡಿದದ್ದು ಸುಮಾರು ಮೂರು ತಿಂಗಳು. ಗೊತ್ತಾಗೋ ಹೊತ್ತಿಗೆ ನೂರಕ್ಕೆ 82 ಜನಕ್ಕೆ ನಡೆಯೋಕೆ ಆಗುತ್ತಿರಲಿಲ್ಲ, ಇಲ್ಲವೇ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಮೂರು ತಿಂಗಳು! ಎಣ್ಣೆ, ಕಟ್ಟು, ಇಂಜೆಕ್ಷನ್ ಅಂತ ನಾವು ಕಳೆದದ್ದೂ ಅಷ್ಟೇ ದಿನ. ಹಳ್ಳಿಯವರು ಅಂತ ನಮ್ಮನ್ನ ನಾವೇ ಬೈದುಕೊಂಡಿದ್ದೆವು. 2008ರ ನವೆಂಬರಿನಲ್ಲಿ ಅಲ್ಲಿನ ನೈಸ್ ಸಂಸ್ಥೆ ನಿಯಮ ಬರೆಯಿತು. ಕಾಲಿನ ಬಲ ಕುಂದುತ್ತಿದ್ದರೆ 24 ಗಂಟೆಯೊಳಗೆ ಎಂಆರ್‌ಐ. ಬರೀ ಅನುಮಾನದ ಬೆನ್ನುನೋವಾದರೆ ಒಂದು ವಾರದೊಳಗೆ. ಇಂಥ ರೋಗಿಗಳನ್ನ ನೋಡೋ ಕೇಂದ್ರದಲ್ಲಿ ಕೋಆರ್ಡಿನೇಟರ್ ಒಬ್ಬರು ಇರಲೇಬೇಕು. ಹಳ್ಳಿಯ ಡಾಕ್ಟರು ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಮುಂದಿನದನ್ನೆಲ್ಲ ಆ ಕೋಆರ್ಡಿನೇಟರ್ ನೋಡಿಕೊಳ್ಳಬೇಕು. ಮೂಳೆಗೆ ಇಳಿದಿದೆ ಅಂತ ಗೊತ್ತಿರೋ ರೋಗಿಗೂ ಮುಂಚೆಯೇ ಹೇಳಿರಬೇಕು: ಇಂಥಿಂಥದ್ದು ಆದರೆ ಕಾಯಬೇಡ, ಈ ನಂಬರಿಗೆ ಫೋನ್ ಮಾಡು.

ನಮ್ಮ ದೇಶದಲ್ಲಿ ಏನೂ ಆಗಿಲ್ಲ ಅಂತಲ್ಲ. 1993ರಲ್ಲಿ ಕೇರಳದ ಕಲ್ಲಿಕೋಟೆ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ರಾಜಗೋಪಾಲ್, ಸುರೇಶ್ ಕುಮಾರ್ ಮುಂತಾದವರು ನೋವಿನ ಹೊರರೋಗಿ ಕ್ಲಿನಿಕ್ ಕಟ್ಟಿದ್ದು ಯಾವ ಟೊರಾಂಟೋಗೂ ಕಮ್ಮಿ ಇಲ್ಲದ ಕತೆ, ಅದನ್ನೇ ಬೇರೆ ಬರೆಯಬೇಕು. ಅವರು ಎದುರಿಸಿದ್ದು ಮಷಿನ್ನಿನ ಕ್ಯೂ ಅಲ್ಲ, ಕಾನೂನು. 1985ರ ಮಾದಕವಸ್ತು ಕಾಯ್ದೆ ಬಂದಮೇಲೆ ಮಾರ್ಫಿನ್ ಇಟ್ಟುಕೊಳ್ಳೋಕೆ ಆಸ್ಪತ್ರೆಗಳಿಗೆ ಹಲವು ಲೈಸೆನ್ಸು ಬೇಕಾಯ್ತು, ಬಹಳ ಕಡೆ ತರಿಸೋದನ್ನೇ ಬಿಟ್ಟರು. ಅದು ಸಡಿಲವಾಗಿದ್ದು 2014ರ ತಿದ್ದುಪಡಿಯಲ್ಲಿ. ದೊಡ್ಡಪ್ಪ ಅಷ್ಟರಲ್ಲಿ ಇರಲಿಲ್ಲ.

ಅವರ ನೋವು ಇಳಿಯಿತು, ಅದನ್ನ ಹೇಳಬೇಕು. ಹತ್ತನೇ ಕರೆಂಟಾಗಿ ಊರಿಗೆ ಹೋದ ಎರಡು ವಾರಕ್ಕೆ ತೋಟದ ತನಕ ಕೋಲೂರಿಕೊಂಡು ನಡೆದರಂತೆ. ದೀಪಾವಳಿಗೆ ನಾನು ಹೋದಾಗ ಹಿತ್ತಲಿನಲ್ಲಿ ಕೂತು ಕಾಯಿ ಸುಲಿಯುವವರಿಗೆ ಬೈಯುತ್ತಿದ್ದರು. ನೋವು ಎಷ್ಟಿದೆ ಅಂದೆ. ‘ಮೊದಲು ಹದಿನಾರಾಣೆ ಇತ್ತು, ಈಗ ನಾಕಾಣೆ’ ಅಂದರು. 2012ರ ಸಂಕ್ರಾಂತಿ ಕಳೆದು ತೀರಿಕೊಂಡರು.

ಹೋದ ತಿಂಗಳು ಊರಿನಿಂದ ನನ್ನ ಜೊತೆ ಹೈಸ್ಕೂಲು ಓದಿದವನೊಬ್ಬ ಫೋನ್ ಮಾಡಿದ್ದ. ಸೈಟಿನ ಲೋನ್ ಬಗ್ಗೆ ಕೇಳೋಕೆ ಅಂತ ಮಾಡಿದವನು, ಮಾತಿನ ಮಧ್ಯೆ, ಅವರಮ್ಮನಿಗೆ ಬೆನ್ನುನೋವು, ಮಲಗಿದರೆ ಜಾಸ್ತಿಯಂತೆ, ಗೋಣಿಚೀಲದ ಮೇಲೆ ಮಲಗಿಸ್ತಿದೀವಿ ಅಂದ. ಅವರಮ್ಮನಿಗೆ ನಾಲ್ಕು ವರ್ಷದ ಹಿಂದೆ ಎದೆಯ ಆಪರೇಷನ್ ಆಗಿದ್ದು ನನಗೆ ಗೊತ್ತಿತ್ತು. ಲೋನಿನ ವಿಷಯ ಅಲ್ಲಿಗೇ ಬಿಟ್ಟು, ಕಾಲು ಜೋಮು ಹಿಡಿಯುತ್ತಾ, ಬಚ್ಚಲಿಗೆ ಹೋಗುವಾಗ ಎಡವುತ್ತಾರಾ, ಉಚ್ಚೆ ಕಟ್ಟಿದೆಯಾ ಅಂತ ಕೇಳಿದೆ. ಅವನು ಫೋನನ್ನ ಕಿವಿಯಿಂದ ತೆಗೆದು ಒಳಗೆ ಕೂಗಿ ಕೇಳಿದ. ನಿನ್ನೆಯಿಂದ ಎಡಗಾಲು ಎಳೆದು ಹಾಕ್ತಿದಾಳೆ ಅಂದ. ಆಪರೇಷನ್ ಆದ ಆಸ್ಪತ್ರೆಯ ಹಳೇ ಫೈಲು ಹುಡುಕು, ಸಿಗದಿದ್ದರೂ ಪರವಾಗಿಲ್ಲ, ಇವತ್ತು ರಾತ್ರಿಯೇ ಹೊರಡು ಅಂದೆ. ಬೆಳಗಿನ ಜಾವ ಐದು ಗಂಟೆಗೆ ಯಶವಂತಪುರ ಸ್ಟೇಷನ್ನಿನ ಹೊರಗೆ, ಹಂಪಿಗೆ ನಿಧಾನ ಮಾಡೋ ಆಟೋದವನನ್ನ ಹುಡುಕಿಕೊಂಡು ನಿಂತಿದ್ದೆ.